ಎರಡನೇ ನಮೂನೆಯ ಚಾಸಿ

ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಹಿಡಿ ಇನ್ನೊಂದು ಕಾಲು ಸುತ್ತು ತಿರುಗಿತು. ಅದರ ದವಡೆಗೆ ಸಿಕ್ಕ ಏಕಾಂತಯ್ಯನ ಬಲಗೈ ಕಿರುಬೆರಳು ಒಣಕಡ್ಡಿಯ ಹಾಗೆ ಚಟ್ಟೆಂದಿತು.

“ಬೊಗಳೋ! ಯಾವಾಗ ಕೊಯ್ದೆ ಪೈಪನ್ನ?”

ಹಿಡಿ ತಿರುಗಿಸುತ್ತಿದ್ದವನು ಶ್ಯಾಮಸುಂದರ. ಬಸವೇಶ್ವರನಗರದ ದೊಡ್ಡ ಮನೆಯ ಮಗ, ಇಸ್ತ್ರಿ ಮಾಡಿದ ಬೆಲ್‌ಬಾಟಂ, ಕಿವಿ ಮುಚ್ಚುವ ಕ್ರಾಪು. ಅವನ ಗೆಳೆಯ ಚಕ್ರಪಾಣಿ ಹಿಂದಿನಿಂದ ಏಕಾಂತಯ್ಯನ ಕತ್ತನ್ನು ಮೊಣಕೈಯಲ್ಲಿ ಅಮುಕಿ ಹಿಡಿದಿದ್ದ. ಗೋಡೆಯ ಬುಡದಲ್ಲಿ ಬಿದ್ದಿದ್ದ ಏಕಾಂತಯ್ಯನ ಹೆಂಡತಿ ನೀಲಗಂಗಮ್ಮ ಒಡೆದ ಹಣೆಯನ್ನು ಒಂದು ಕೈಲಿ ಒತ್ತಿಕೊಂಡು, ಇನ್ನೊಂದು ಕೈಲಿ ನೆಲ ಊರಿ ಏಳಲು ನೋಡುತ್ತಿದ್ದಳು.

ಸಬ್ ಇನ್ಸ್‌ಪೆಕ್ಟರ್ ರೇವಣಸಿದ್ದಯ್ಯ ನಾಯಂಡಹಳ್ಳಿಯ ಆ ವೆಲ್ಡಿಂಗ್ ಶೆಡ್ಡಿನ ಬಾಗಿಲಿಗೆ ಬಂದು ನಿಂತದ್ದು ಆ ಗಳಿಗೆಯಲ್ಲಿ. ಮಧ್ಯಾಹ್ನ ಮೂರೂಕಾಲು.

ರೇವಣಸಿದ್ದಯ್ಯನವರು ಮಾತಿನ ಮನುಷ್ಯರು. ಠಾಣೆಗೆ ಬಂದ ಜೇಬುಗಳ್ಳನಿಗೂ ಮೊದಲು ಕಾಫಿ ತರಿಸಿ, ಊರು ಯಾವುದು, ಅವ್ವ ಚೆನ್ನಾಗಿದ್ದಾಳಾ ಎಂದು ಕೇಳಿದ ಮೇಲೆಯೇ ಕೇಸಿಗೆ ಬರುವವರು. ಇವತ್ತು ಮಾತ್ರ ಅವರ ಲಾಠಿ ಮೊದಲು ಮಾತಾಡಿತು. ಶ್ಯಾಮಸುಂದರನ ಮೊಣಕೈ ಮೇಲೆ ಬಿದ್ದ ಏಟಿಗೆ ಅವನು ಹಿಡಿ ಬಿಟ್ಟು ಕೂತುಬಿಟ್ಟ. ಎರಡನೇ ಏಟು ಚಕ್ರಪಾಣಿಯ ಬೆನ್ನಿಗೆ.

“ಕೈ ತೆಗೀರೋ ಮೇಲಿಂದ! ಇದೇನು ಶೆಡ್ಡೋ, ಕಸಾಯಿಖಾನೆಯೋ?”

ವೈಸು ಸಡಿಲಿಸಿದರು. ಏಕಾಂತಯ್ಯನ ಮೂರು ಬೆರಳು ನಜ್ಜುಗುಜ್ಜಾಗಿದ್ದವು. ಕೂಗಲಿಲ್ಲ ಅವನು, ತುಟಿ ಕಚ್ಚಿ ಕಚ್ಚಿ ಗಡ್ಡಕ್ಕೆ ರಕ್ತ ಇಳಿದಿತ್ತು. ನೀಲಗಂಗಮ್ಮ ತೆವಳಿ ಬಂದು ತನ್ನ ಸೆರಗು ಹರಿದು ಆ ಕೈಗೆ ಸುತ್ತತೊಡಗಿದಳು.

“ನೀವು ಬಂದ್ರಲ್ಲ ಸಾರ್, ಒಳ್ಳೇದಾಯ್ತು,” ಎಂದ ಶ್ಯಾಮಸುಂದರ, ಮೊಣಕೈ ಹಿಡಿದುಕೊಂಡೇ. “ಕೊಲೆಗಾರನ್ನ ನಾವೇ ಹಿಡಿದು ಇಟ್ಟಿದೀವಿ. ಬೇಡಿ ಹಾಕಿ.”

ಬೇಡಿ ರೇವಣಸಿದ್ದಯ್ಯನವರ ಜೇಬಿನಲ್ಲೇ ಇತ್ತು. ಎಂಟು ದಿನದ ಹಿಂದೆ ಕೆಂಗೇರಿ ದಾಟಿದ ತಿರುವಿನಲ್ಲಿ ಈ ಹುಡುಗರ ಗೆಳೆಯ ಜಗನ್ನಾಥ ಓಡಿಸುತ್ತಿದ್ದ ಪುಟ್ಟ ರೇಸು ಕಾರು ನಡುವಿಗೆ ಮುರಿದು ಎರಡು ತುಂಡಾಗಿ, ಅವನ ಎದೆಗೂಡು ಹುಣಸೆ ಮರಕ್ಕೆ ಅಪ್ಪಳಿಸಿತ್ತು. ಮುರಿದ ಪೈಪಿನಲ್ಲಿ ಗರಗಸದ ಗೀರು ಸಿಕ್ಕಿತ್ತು. ಆ ಕಾರಿನ ಬೆಸುಗೆ ಕೆಲಸವೆಲ್ಲ ಏಕಾಂತಯ್ಯನದು. ಸಂಜೆ ಆರರೊಳಗೆ ಅವನನ್ನು ಕೊಲೆ ಕೇಸಿನಲ್ಲಿ ಒಳಗೆ ಹಾಕಬೇಕೆಂದು ಸರ್ಕಲ್ ಸಾಹೇಬರ ಹುಕುಂ ಆಗಿತ್ತು.

ಆದರೆ ಬೇಡಿ ತೊಡಿಸುವ ಮುಂಚೆ ಆ ಮುರುಕನ್ನು ಒಮ್ಮೆ ಏಕಾಂತಯ್ಯನ ಕಣ್ಣಿಗೆ ಬೀಳಿಸಬೇಕು ಎಂದು ರೇವಣಸಿದ್ದಯ್ಯನವರಿಗೆ ಯಾಕೋ ಅನ್ನಿಸಿತ್ತು. ಆರು ಗಂಟೆಯ ಮೇಲೆ ಈ ಮನುಷ್ಯ ಯಾರ ಕೈಗೆ ಹೋಗುತ್ತಾನೆ, ಅವರು ಹೇಗೆ ತಪ್ಪೊಪ್ಪಿಗೆ ಬರೆಸುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ವೆಂಕಟಸ್ವಾಮಿ, ಇಳಿಸಯ್ಯ ಅದನ್ನ!”

ಕಾನ್‌ಸ್ಟೇಬಲ್ ವೆಂಕಟಸ್ವಾಮಿ ಲಾರಿಯಿಂದ ಕಾರಿನ ಹಿಂಭಾಗದ ತುಂಡನ್ನು ಇಳಿಸಿ, ಒಬ್ಬನೇ ಎಳೆದು ತಂದು ಶೆಡ್ಡಿನ ನಡುವೆ ಹಾಕಿದ. ಸೀಟಿನ ಚರ್ಮದ ಮೇಲೆ ರಕ್ತ ಕಪ್ಪಾಗಿ ಒಣಗಿತ್ತು. ಚಕ್ರಪಾಣಿ ಮುಖ ತಿರುಗಿಸಿದ.

“ಕಾರಣಾನೂ ನಾನೇ ಹೇಳ್ತೀನಿ,” ಎಂದ ಶ್ಯಾಮಸುಂದರ. “ಹೋದ ತಿಂಗಳು ಮಾರೇನಹಳ್ಳಿ ಟೀ ಅಂಗಡಿ ಮುಂದೆ ಜಗ್ಗ ಇವನ ಕೆನ್ನೆಗೆ ಬಾರಿಸಿದ್ದ. ಇಡೀ ಬೀದಿ ನೋಡಿದೆ. ಆ ಸೇಡು ತೀರಿಸ್ಕೊಂಡ.”

“ಹೌದೇನಯ್ಯ?”

“ಹೊಡೆದಿದ್ದು ನಿಜ ಸಾರ್,” ಎಂದ ಏಕಾಂತಯ್ಯ. “ಮದ್ರಾಸಿನ ಶೋಲಾವರಂ ರೇಸಿಗೆ ಗಾಡಿ ಇನ್ನೂ ಹಗುರ ಆಗ್ಬೇಕು, ಚಾಸೀಲಿ, ಅಂದ್ರೆ ಗಾಡಿ ಎಲುಬುಗೂಡಲ್ಲಿ, ಪೈಪು ತೆಗೆದುಕೊಡು ಅಂದ್ರು. ತೆಗೆದ್ರೆ ಸಾಯ್ತೀರ, ನಾನು ತೆಗೆಯಲ್ಲ ಅಂದೆ. ಅಪಶಕುನ ನುಡೀತೀಯಾ ಅಂತ ಹೊಡೆದ್ರು. ಸಣ್ಣೋರು, ಹೊಡೆದ್ರು. ಅದಕ್ಕೆ ಯಾರಾದ್ರೂ ಕೊಲೆ ಮಾಡ್ತಾರಾ?”

ಅಷ್ಟು ಹೇಳಿ ಮುರುಕಿನ ಕಡೆ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಮೊಣಕಾಲ ಮೇಲೆ ನಡೆದು ಹತ್ತಿರ ಬಂದು, ಎಡಗೈಯನ್ನು ಅಲ್ಯೂಮಿನಿಯಂ ತಗಡಿನ ಕೆಳಗೆ ತೂರಿಸಿ ತಡಕಾಡಿದ.

“ಸಾರ್, ಇದು ಜಗನ್ನಾಥಪ್ಪೋರ ಗಾಡಿ ಅಲ್ಲ.”

“ನಂಬರ್ ಪ್ಲೇಟ್ ನೋಡೋ ಕುರುಡಾ!” ಶ್ಯಾಮಸುಂದರ ಬೂಟಿನಿಂದ ತಗಡನ್ನು ಒದ್ದ. “ಕಂಪನಿ ಚಾಸಿ ನಂಬರ್ ಕಣ್ಣು ಕುಕ್ಕೋ ಹಾಗಿದೆ.”

“ಪ್ಲೇಟು ಅವರದ್ದೇ. ಇಂಜಿನ್ನು ಅವರದ್ದೇ. ಸೀಟೂ ಅವರದ್ದೇ. ಚಾಸಿ ಮಾತ್ರ ಅವರದ್ದಲ್ಲ. ಗಂಗಾ, ಉಳಿ ಕೊಡೇ ಇಲ್ಲಿ.”

ನೀಲಗಂಗಮ್ಮ ಕೂತಲ್ಲಿಂದ ಕದಲಲಿಲ್ಲ. ರೇವಣಸಿದ್ದಯ್ಯನವರೇ ಉಳಿ ಸುತ್ತಿಗೆ ತೆಗೆದುಕೊಂಡು, ಅವನು ತೋರಿಸಿದ ಕಡೆ ರಿವೆಟ್ ಹಾರಿಸಿದರು. ತಗಡು ಬಾಳೆಲೆಯ ಹಾಗೆ ಸುರುಳಿ ಬಿಚ್ಚಿಕೊಂಡಿತು. ಒಳಗೆ ಕಪ್ಪು ಪೇಂಟಿನ ಚೌಕಟ್ಟು. ಖಾಲಿ ಖಾಲಿ.

“ಇಲ್ಲೊಂದು ಓರೆ ಪೈಪು ಇರ್ಬೇಕಿತ್ತು. ಸೀಟಿನ ಹಿಂದೆ ಇನ್ನೊಂದು. ಇಂಜಿನ್ ಪಕ್ಕ ಎರಡೂ ಕಡೆ. ಯಾವುದೂ ಇಲ್ಲ.”

“ನನಗೆ ಅರ್ಥ ಆಗೋ ಹಾಗೆ ಹೇಳಪ್ಪ. ನನಗೆ ಸೈಕಲ್ ಚೈನ್ ಹಾಕಕ್ಕೇ ಬರಲ್ಲ.”

ಏಕಾಂತಯ್ಯ ನೋವಿನಲ್ಲೂ ಉಸಿರು ತೆಗೆದುಕೊಂಡ. ಕೆಲಸದ ಮಾತು ಬಂದರೆ ಅವನ ಮುಖವೇ ಬೇರೆಯಾಗುತ್ತಿತ್ತು.

“ಈ ಫಿಂಚ್ ಅನ್ನೋ ಕಂಪನಿ ಕಾರು ಇಂಗ್ಲೆಂಡಿಂದ ಪೂರ್ತಿ ಕಾರಾಗಿ ಬರಲ್ಲ ಸಾರ್, ಬಿಡಿಬಿಡಿಯಾಗಿ ಪೆಟ್ಟಿಗೇಲಿ ಬರುತ್ತೆ. ತಗೊಂಡೋರು ಮನೇಲೇ ಜೋಡಿಸ್ಕೋಬೇಕು. ಬಾಗಿಲಿಲ್ಲ, ಮೇಲೆ ಮುಚ್ಚಳ ಇಲ್ಲ. ನಾಲ್ಕು ಜನ ಎತ್ತಿ ಪಕ್ಕಕ್ಕೆ ಇಡಬಹುದು, ಅಷ್ಟು ಹಗುರ. ರಾಜಾಜಿನಗರದ ಹುಡುಗ್ರು ಇದಕ್ಕೆ ತೊಟ್ಟಿಲು ಅಂತಿದ್ರು. ಇದರ ಚಾಸಿ ಮೂರು ನಮೂನೆ. ಕಂಪನಿ ಪುಸ್ತಕದಲ್ಲಿ ಚಿತ್ರ ನೋಡಿದೀನಿ. ಇಂಗ್ಲಿಷ್ ಬರಲ್ಲ, ಪೈಪು ಎಣಿಸಕ್ಕೆ ಬರುತ್ತೆ.”

“ಹೂಂ.”

“ಮೊದಲನೇದು ಹಕ್ಕಿ ಪಂಜರ. ಎಲ್ಲಿ ನೋಡಿದ್ರೂ ಮೂಲೆಯಿಂದ ಮೂಲೆಗೆ ಓರೆ ಪೈಪು. ಒಂದು ಪೈಪು ಕೈ ಬಿಟ್ರೂ ಪಕ್ಕದ್ದು ಹಿಡ್ಕೊಳುತ್ತೆ. ಎರಡನೇದ್ರಲ್ಲಿ ತೂಕ ಇಳೀಲಿ, ಕೆಲಸ ಬೇಗ ಮುಗೀಲಿ ಅಂತ ಕಂಪನಿಯೋರು ಓರೆ ಪೈಪು ಅರ್ಧಕ್ಕರ್ಧ ಕಿತ್ತುಹಾಕಿದ್ರು. ಮೇಲೆ ಹೊದಿಸಿದ ತಗಡೇ ಭಾರ ಹೊರಬೇಕು. ಸಣ್ಣ ಇಂಜಿನ್ನಿಗೆ ಸಾಕು ಅದು. ದೊಡ್ಡ ಇಂಜಿನ್ ಕೂರಿಸಿದ್ರೆ ತಿರುವಲ್ಲಿ ಮೈ ನುಲಿಯುತ್ತೆ. ಅದಕ್ಕೇ ಮೂರನೇದ್ರಲ್ಲಿ ಅವರೇ ಮತ್ತೆ ಪೈಪು ಸೇರಿಸಿದ್ರು, ಭಯ ಬಿದ್ದು.”

“ಜಗನ್ನಾಥಂದು?”

“ಮೊದಲನೇದು. ಪಂಜರ. ಈ ನೆಲದ ಮೇಲೆ ಬಿದ್ದಿರೋದು ಎರಡನೇದು. ಅದೂ ಇಂಗ್ಲೆಂಡಿಂದಲ್ಲ. ಇದು ಬಸ್ಸಿಗೆ ಕಂಬಿ ಮಾಡೋ ಪೈಪು, ಒಳಗಡೆ ಉದ್ದಕ್ಕೆ ಕೂಡಿಸಿದ ಗೆರೆ ಇದೆ ನೋಡಿ. ಯಾರೋ ಇಲ್ಲೇ, ಬೆಂಗಳೂರಲ್ಲೇ ಬೆಸೆದಿದಾರೆ.”

 

ಶ್ಯಾಮಸುಂದರ ನಕ್ಕ. “ಅದನ್ನ ನೋಡೇಬಿಡೋಣ. ಸಾರ್, ಸೀಟಿನ ಹಿಂದೆ ಪೇಂಟ್ ಕೆರೀರಿ. ಇವನು ಬೆಸೆದ ಯಾವುದೇ ಚಾಸಿ ಆಗ್ಲಿ, ಪೇಂಟ್ ಹೊಡೆಯೋ ಮುಂಚೆ ಅಲ್ಲಿ ಮೂರು ಬೆರಳಲ್ಲಿ ವಿಭೂತಿ ಹಚ್ತಾನೆ. ಬೂದಿ ಮೇಲೆ ಪೇಂಟ್ ನಿಲ್ಲಲ್ಲ, ಗುಳ್ಳೆ ಏಳುತ್ತೆ. ಏಕಾಂತಯ್ಯನ ಸೀಲು ಅಂತ ಈ ಶೆಡ್ಡಿಗೆ ಬರೋರಿಗೆಲ್ಲ ಗೊತ್ತು. ಆ ಸೀಲು ಇಲ್ಲದ ಗಾಡಿ ನಾನು ಹತ್ತಲ್ಲ, ನಿನ್ನನ್ನೂ ಹತ್ತಕ್ಕೆ ಬಿಡಲ್ಲ ಅಂತ ಜಗ್ಗನಿಗೆ ಹೇಳಿದ್ದೆ ನಾನು. ರೇಸಿಗೆ ಮುಂಚೆ ಪ್ರತಿ ಸಲ ನೋಡ್ತಿದ್ದೆ. ಈ ಸಲಾನೂ ನೋಡಿದೀನಿ.”

ರೇವಣಸಿದ್ದಯ್ಯನವರು ಉಳಿಯ ಮೊನೆಯಿಂದ ಕೆರೆದರು. ಪೇಂಟು ಸಿಪ್ಪೆಯಾಗಿ ಎದ್ದು ಬಂತು. ಕೆಳಗೆ ಅಚ್ಚ ಬಿಳಿ. ಮೂರು ಅಡ್ಡಪಟ್ಟಿ.

ಏಕಾಂತಯ್ಯ ತಲೆ ಅಡ್ಡಡ್ಡ ಆಡಿಸಿದ.

“ನಾನಲ್ಲ... ಶಿವನೇ, ನಾನಲ್ಲ...”

“ಸುವ್ವರ್!” ಚಕ್ರಪಾಣಿ ಹಾರಿ ಬಂದು ಅವನ ಪಕ್ಕೆಗೆ ಒದ್ದ. ಇನ್ನೊಮ್ಮೆ ಒದ್ದ. ಏಕಾಂತಯ್ಯ ಮುರುಕಿನ ಮೇಲೆ ಮಗುಚಿ ಬಿದ್ದ. ಹರಿದ ತಗಡು ಅವನ ಭುಜ ಸೀಳಿತು. ಮೂರನೇ ಒದೆ ಬೀಳಲಿಲ್ಲ. ನೀಲಗಂಗಮ್ಮ ಇಕ್ಕಳ ಎತ್ತಿ ಚಕ್ರಪಾಣಿಯ ಮಂಡಿಗೆ ಬೀಸಿದ್ದಳು. ಅವನು ಅರಚುತ್ತ ಕುಸಿದ. ಶ್ಯಾಮಸುಂದರ ಅವಳ ಜುಟ್ಟಿಗೆ ಕೈ ಹಾಕುವಷ್ಟರಲ್ಲಿ ವೆಂಕಟಸ್ವಾಮಿ ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಿದ.

“ಇನ್ನೊಬ್ಬರು ಕಾಲೆತ್ತಿದ್ರೆ ಕಾಲು ಮುರೀತೀನಿ!” ಎಂದರು ರೇವಣಸಿದ್ದಯ್ಯ. ಆದರೆ ಅವರ ಕಣ್ಣು ಆ ಮೂರು ಪಟ್ಟೆಯ ಮೇಲೇ ಇತ್ತು.

ಏನೋ ಸರಿಯಿಲ್ಲ. ಇಷ್ಟು ಬಿಳಿ ಯಾಕೆ?

ಅವರ ಬಾಲ್ಯವೆಲ್ಲ ಮಠದಲ್ಲಿ ಕಳೆದದ್ದು. ಸಗಣಿ ಸುಟ್ಟು, ಬೂದಿ ಸೋಸಿ, ನೀರಿನಲ್ಲಿ ಕಲಸಿ, ಉಂಡೆ ಕಟ್ಟಿ ಒಣಗಿಸಿದ ಕೈ ಅದು. ವಿಭೂತಿ ಒದ್ದೆಯಾದರೆ ಬೂದುಬಣ್ಣಕ್ಕೆ ತಿರುಗುತ್ತದೆ, ಉಜ್ಜಿದರೆ ಬೆರಳಿಗೆ ತರಿತರಿ ಹತ್ತುತ್ತದೆ. ಅವರು ಮಡಕೆಯಿಂದ ನೀರು ತೆಗೆದು ಪಟ್ಟೆಯ ಮೇಲೆ ಎರಡು ಹನಿ ಬಿಟ್ಟರು. ಹೆಬ್ಬೆರಳಿನಲ್ಲಿ ಉಜ್ಜಿದರು.

ಬೆಣ್ಣೆಯ ಹಾಗೆ ನುಣ್ಣಗೆ ಜಾರಿತು. ಬಿಳಿ ಇನ್ನೂ ಬೆಳ್ಳಗಾಯಿತು. ಬೆರಳಿಗೆ ಅಂಟಿಕೊಂಡಿತು.

“ಇದು ಬೂದಿಯಲ್ಲ,” ಎಂದರು ಮೆಲ್ಲಗೆ. “ಮಣ್ಣು. ನಾಮದ ಮಣ್ಣು.”

ಎಲ್ಲರೂ ಚಕ್ರಪಾಣಿಯ ಕಡೆ ತಿರುಗಿದರು. ಅವನ ಹಣೆ ಬರಿದಾಗಿತ್ತು, ಆದರೆ ಅವನ ತಂದೆ ಹನ್ನೆರಡು ನಾಮ ಹಾಕದೆ ಕಾಫಿ ಮುಟ್ಟುವುದಿಲ್ಲ ಎಂಬುದು ರಾಜಾಜಿನಗರದ ಒಂದನೇ ಬ್ಲಾಕಿಗೆಲ್ಲ ಗೊತ್ತಿತ್ತು.

“ನಾನಲ್ಲ ಸಾರ್! ದೇವರಾಣೆ!” ಮಂಡಿ ಹಿಡಿದುಕೊಂಡು ಅವನು ಹಿಂದೆ ಸರಿದ. “ನಾನು... ನಾಮದ ಗಡ್ಡೆ ತಂದುಕೊಟ್ಟೆ, ಅಷ್ಟೇ. ಅಪ್ಪನ ದೇವರ ಪೆಟ್ಟಿಗೆಯಿಂದ. ಟೈರ್ ಮೇಲೆ ಗುರುತು ಹಾಕಕ್ಕೆ ಬೇಕು ಅಂದ.”

“ಯಾರು ಅಂದದ್ದು?”

“ಜಗ್ಗ.”

“ಯಾವ ಜಗ್ಗನೋ?”

“ನಮ್ಮ ಜಗ್ಗನೇ ಸಾರ್. ಸತ್ತೋನೇ. ಸಾಯೋಕೆ ನಾಲ್ಕು ದಿನ ಮುಂಚೆ.”

ಶ್ಯಾಮಸುಂದರ ಗೋಡೆಗೆ ಒತ್ತಿಕೊಂಡೇ ಬೈದ. “ಲೋ ಮುಚ್ಚೋ! ನಮ್ಮ ಜಗ್ಗ ನನಗೇ ಸುಳ್ಳು ಸೀಲು ತೋರಿಸ್ತಾನಾ?”

“ಇನ್ಯಾರಿಗೆ ತೋರಿಸ್ಬೇಕಪ್ಪ? ಸೀಲು ನೋಡದೆ ಹತ್ತಕ್ಕೆ ಬಿಡಲ್ಲ ಅಂದೋನು ನೀನೊಬ್ಬನೇ ತಾನೇ?” ಎಂದರು ರೇವಣಸಿದ್ದಯ್ಯ.

ಅವರು ಒಂದು ಖಾಲಿ ಕಾರ್ಬೈಡ್ ಡಬ್ಬದ ಮೇಲೆ ಕೂತರು. ಒಂದೊಂದೇ ಎಳೆ ಬಿಡಿಸಿದರು, ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ.

“ಜಗನ್ನಾಥನಿಗೆ ಹಗುರದ ಚಾಸಿ ಬೇಕಿತ್ತು. ಏಕಾಂತಯ್ಯ ಒಪ್ಪಲಿಲ್ಲ. ಬೇರೆ ಯಾರ ಕೈಲೋ ಎರಡನೇ ನಮೂನೆ ಮಾಡಿಸ್ದ. ತಗಡು ಮುಚ್ಚಿದ್ರೆ ಒಳಗಿರೋದು ಯಾರಿಗೂ ಕಾಣಲ್ಲ. ಹಳೇ ಪ್ಲೇಟು ಕೂರಿಸ್ದ, ಸುಳ್ಳು ವಿಭೂತಿ ಬಳಿದ. ಇಲ್ಲಿಗೆ ಅವನ ತಪ್ಪು ಮುಗೀತು. ಆದ್ರೆ ಗರಗಸ ಹಾಕಿದ್ದು ಅವನಲ್ಲ. ತಾನು ಕೂರೋ ಗಾಡೀನ ತಾನೇ ಕೊಯ್ಯಲ್ಲ ಯಾರೂ.” ಅವರು ಏಕಾಂತಯ್ಯನ ಕಡೆ ಬಗ್ಗಿದರು. “ಎಷ್ಟು ಪೈಪು ಕೊಯ್ದಿದಾರೆ ನೋಡಯ್ಯ.”

ಏಕಾಂತಯ್ಯ ಭುಜದ ರಕ್ತ ಒರೆಸಿಕೊಂಡು ಮುರಿದ ತುದಿಗಳನ್ನು ಒಂದೊಂದಾಗಿ ಮುಟ್ಟಿದ. “ಒಂದೇ. ಸೀಟಿನ ಪಕ್ಕದ ಕೆಳಗಿನ ಪೈಪು. ಮುಕ್ಕಾಲು ಭಾಗ ಕೊಯ್ದು ಬಿಟ್ಟಿದಾರೆ. ಮಿಕ್ಕಿದ್ದೆಲ್ಲ ಆಮೇಲೆ ಹರಿದಿರೋದು.”

“ಮೊದಲನೇ ನಮೂನೇಲಿ ಆ ಒಂದು ಪೈಪು ಕೊಯ್ದಿದ್ರೆ?”

“ಏನೂ ಆಗ್ತಿರ್ಲಿಲ್ಲ ಸಾರ್. ಓರೆ ಪೈಪು ಹಿಡ್ಕೊಂಡಿರೋದು. ವರ್ಷಗಟ್ಟಲೆ ಓಡಿಸಬಹುದಿತ್ತು.”

“ಅಂದ್ರೆ ಕೊಲೆಗಾರ ಒಂದೇ ಪೈಪು ಕೊಯ್ದು, ಸಾಕು ಅಂತ ಎದ್ದು ಹೋದ. ಇದು ಎರಡನೇದು ಅಂತ ಅವನಿಗೆ ಗೊತ್ತಿತ್ತು.” ರೇವಣಸಿದ್ದಯ್ಯ ಎದ್ದು ನಿಂತರು. “ಪ್ಲೇಟು ನೋಡಿದೋರು, ಸೀಲು ನೋಡಿದೋರು ಎಲ್ಲಾ ಮೊದಲನೇದು ಅಂದ್ಕೊಂಡಿದ್ರು. ನೀನೂ ಈಗ ತಾನೇ ನೋಡಿದೆ ಏಕಾಂತಯ್ಯ. ನಿನಗೆ ಬೇಡಿ ಹಾಕಕ್ಕೆ ನನಗೆ ಕೈ ಬರಲ್ಲ. ಒಳಗಿನದು ಗೊತ್ತಿದ್ದೋನು ಬೆಸೆದೋನು ಮಾತ್ರ. ಇದನ್ನ ಬೆಸೆದೋನು ಯಾರು, ಅಷ್ಟು ಹೇಳಿಬಿಡಿ ಯಾರಾದ್ರೂ. ಆ ಕುತ್ತಿಗೆಗೇ ಹಗ್ಗ.”

“ಬೆಸೆದೋನಲ್ಲ,” ಎಂದಿತು ಒಂದು ದನಿ. “ಬೆಸೆದೋಳು.”

ನೀಲಗಂಗಮ್ಮ ಎದ್ದು ನಿಂತಿದ್ದಳು.

“ಇವರು ಹದಿನೈದು ದಿನ ತಂಗಿ ಊರಿಗೆ ಹೋಗಿದ್ರಲ್ಲ, ಆಗ ಬೆಸೆದೆ. ಜಗಣ್ಣ ಪುಸ್ತಕ ತಂದು ಚಿತ್ರ ತೋರಿಸ್ತು. ಅಕ್ಕಾ, ಒಂದೇ ಒಂದು ರೇಸು, ಆಮೇಲೆ ಹಳೇದನ್ನೇ ಹಾಕ್ಕೋತೀನಿ ಅಂತ ಕಾಲಿಗೆ ಬಿತ್ತು. ಮಾಡಿಕೊಟ್ಟೆ. ಕೊನೇಲಿ ವಿಭೂತಿ ಹಚ್ಚಿಕೊಡು ಅಂತು. ಸುಳ್ಳಿಗೆ ವಿಭೂತಿ ಹಚ್ಚೋ ಕೈಯಲ್ಲ ಇದು, ಹೋಗು ಅಂದೆ.”

“ಸುಳ್ಳು ಸಾರ್!” ಏಕಾಂತಯ್ಯ ಕಿರುಚಿದ. “ನನ್ನ ಉಳಿಸಕ್ಕೆ ಹೇಳ್ತಾವಳೆ! ಇವಳಿಗೆ ಬೆಂಕಿಕಡ್ಡಿ ಗೀರಿ ಟಾರ್ಚು ಹಚ್ಚಕ್ಕೂ ಬರಲ್ಲ! ನೀನು ಒಳಗೆ ಹೋಗೇ!”

ಅವಳು ಒಳಗೆ ಹೋಗಲಿಲ್ಲ. ಮೂಲೆಗೆ ಹೋಗಿ ಗ್ಯಾಸಿನ ಕೀಲಿ ತಿರುಗಿಸಿದಳು. ಟಾರ್ಚು ಹೊತ್ತಿಸಿದಳು. ಹೊಗೆ ಉಗುಳುತ್ತಿದ್ದ ಹಳದಿ ಜ್ವಾಲೆಯನ್ನು ಎರಡು ಬೆರಳಲ್ಲಿ ಕೀಲಿ ಆಡಿಸಿ ಆಡಿಸಿ ನೀಲಿ ಮೊನೆಗೆ ತಂದಳು. ಬೆಸುಗೆಯ ಕಪ್ಪು ಕನ್ನಡಕ ಹಾಕಲಿಲ್ಲ, ಹಣೆಯ ರಕ್ತ ಕಣ್ಣಿಗಿಳಿಯುತ್ತಿತ್ತು, ಅದನ್ನೂ ಒರೆಸಲಿಲ್ಲ. ಹಿತ್ತಾಳೆ ಕಡ್ಡಿಯನ್ನು ಬಿಳಿಗಾರದಲ್ಲಿ ಅದ್ದಿ, ನೆಲದ ಮೇಲಿದ್ದ ಎರಡು ತುಂಡು ಪೈಪನ್ನು ಕಾಲಲ್ಲೇ ಕೂಡಿಸಿ, ಬೆಂಕಿ ಇಟ್ಟಳು.

 ಹಿತ್ತಾಳೆ ಕರಗಿ, ಸಂದಿಯ ಸುತ್ತ ಹರಿದು, ಜಡೆ ಹೆಣೆದ ಹಾಗೆ ಸುತ್ತಿಕೊಂಡಿತು. ಎಲ್ಲೂ ಗಂಟಿಲ್ಲ, ಎಲ್ಲೂ ತೂತಿಲ್ಲ.

ಟಾರ್ಚು ಆರಿಸಿ, ಪೈಪನ್ನು ಇಕ್ಕಳದಲ್ಲಿ ಎತ್ತಿ ಮುರುಕಿನ ಪಕ್ಕ ಇಟ್ಟಳು.

ರೇವಣಸಿದ್ದಯ್ಯನವರು ಬಗ್ಗಿ ನೋಡಿದರು. ಮುರುಕಿನಲ್ಲೂ ಅದೇ ಜಡೆ, ಅದೇ ಅಂತರ. ಬೆಸುಗೆಯ ಬಗ್ಗೆ ಏನೂ ಗೊತ್ತಿಲ್ಲದವನಿಗೂ ಎರಡೂ ಒಂದೇ ಕೈಯದು ಎಂದು ಕಾಣುತ್ತಿತ್ತು. ಈಗ ತಾವೇ ಹೆಣೆದ ಹಗ್ಗ ತಮ್ಮ ಕೈಯಲ್ಲೇ ಇತ್ತು, ಅದಕ್ಕೆ ಕುತ್ತಿಗೆಯೂ ಸಿಕ್ಕಿತ್ತು. ಗಂಡನನ್ನು ಬಿಡಿಸಿ ಹೆಂಡತಿಯನ್ನು ಒಯ್ಯಬೇಕು. ಜೇಬಿನಲ್ಲಿದ್ದ ಬೇಡಿ ಅವರ ತೊಡೆಗೆ ತಣ್ಣಗೆ ತಾಗಿತು.

“ಗರಗಸ ಹಾಕಿದ್ದೂ ನೀನೇನಮ್ಮ?”

ನೀಲಗಂಗಮ್ಮ ಅವರನ್ನು ದಾಟಿ ಗಂಡನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು.

ಏಕಾಂತಯ್ಯ ಆ ಬೆಸುಗೆಯಿಂದ ಕಣ್ಣು ಕೀಳಲಾರದೆ ಹೋಗಿದ್ದ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವನು. ಅವನ ಬೆಸುಗೆ ಗಟ್ಟಿ, ಆದರೆ ಇಷ್ಟು ಚೆಂದ ಅವನಿಗೆ ಯಾವತ್ತೂ ಬಂದಿರಲಿಲ್ಲ.

“ಇದು ನನ್ನ ಕೈ ಅಲ್ಲ,” ಎಂದ. “ನನ್ನ ನೋಡಿ ಕಲಿತದ್ದಲ್ಲ ಇದು. ಯಾವಾಗ ಕಲಿತೆ ಕಣೇ?”

“ಯಾವಾಗ ಅಂತ ಕೇಳ್ಬೇಡಿ,” ಎಂದಳು ನೀಲಗಂಗಮ್ಮ. “ಯಾರ ಹತ್ರ ಅಂತ ಕೇಳಿ. ನನಗೆ ಕಲಿಸಿದ ಆ ಕೈಗೂ ಇದು ಎರಡನೇದು ಅಂತ ಗೊತ್ತಿತ್ತು.”